ನಾಯಿಗೂ ವರಸೆ ನೋಡಿದ ಮನೆ

ನಮ್ಮ ಬೀದಿಗೆ ಹಾಲು ಹಾಕುತ್ತಿದ್ದ ರುದ್ರಪ್ಪ ನಮ್ಮ ನಾಯಿಯನ್ನು ಕೊನೆಯವರೆಗೂ ‘ಪಾಮೋಲಿನ್’ ಎಂದೇ ಕರೆದ. ರೇಷನ್ ಅಂಗಡಿಯ ಮುಂದೆ ಜನ ಪಾಮೋಲಿನ್ ಎಣ್ಣೆಗೆ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದ ಕಾಲ ಅದು. ಪಮೇರಿಯನ್ ಎನ್ನುವ ಹೆಸರು ಅವನ ನಾಲಿಗೆಗೆ ಬಂದರೆ ಎಣ್ಣೆಯಾಗಿಬಿಡುತ್ತಿತ್ತು. ಅಮ್ಮ ದಿನಾ ಗೇಟಿನ ಹತ್ತಿರ ತಿದ್ದುತ್ತಿದ್ದಳು. ಅವನು ದಿನಾ ತಲೆಯಾಡಿಸಿ, ಮರುದಿನ ಮತ್ತೆ ಪಾಮೋಲಿನ್ ಎನ್ನುತ್ತಿದ್ದ. ಹೆಸರು ಕೆಟ್ಟಿತಲ್ಲ ಎಂದು ಅಮ್ಮನಿಗೆ ಸಿಟ್ಟಿರಲಿಲ್ಲ. ನಮ್ಮ ನಾಯಿಯ ಘನತೆ ಇವನಿಗೆ ತಿಳಿಯಲಿಲ್ಲವಲ್ಲ ಎಂದು ಸಿಟ್ಟು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಆಗ ಇನ್ನೂ ಖಾಲಿ ಸೈಟುಗಳಿದ್ದವು. ಅಪ್ಪ ಬ್ಯಾಂಕಿನ ಸಾಲದಲ್ಲಿ ಮನೆ ಕಟ್ಟಿ, ಗೇಟಿನ ಕಂಬಕ್ಕೆ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಕೂಡಿಸಿದ್ದರು. ಆ ಹೆಸರಿನಿಂದ ಯಾರೂ ನಮ್ಮ ಮನೆಯನ್ನು ಹುಡುಕಿಕೊಂಡು ಬರಲಿಲ್ಲ. ‘ಬಿಳಿ ನಾಯಿ ಮನೆ’ ಎಂದರೆ ಆಟೋದವರೂ ನೇರ ತಂದು ಬಿಡುತ್ತಿದ್ದರು. ಅಪ್ಪನಿಗೆ ಇದು ಸ್ವಲ್ಪ ಚುಚ್ಚುತ್ತಿತ್ತು, ನಮಗಂತೂ ಹೆಮ್ಮೆ.

ಮನೆ ದೊಡ್ಡದೇನಲ್ಲ. ಮುಂದೆ ವರಾಂಡ, ಒಳಗೆ ಹಾಲ್, ಅದರಾಚೆ ಅಡುಗೆಮನೆ, ಒಂದು ಮಗ್ಗುಲಿಗೆ ದೇವರ ಕೋಣೆ, ಇನ್ನೊಂದು ಮಗ್ಗುಲಿಗೆ ಸುಜಾತಕ್ಕ ಮತ್ತು ನಾನು ಮಲಗುವ ಕೋಣೆ. ನೆಲಕ್ಕೆಲ್ಲ ಶಹಾಬಾದ್ ಕಲ್ಲು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಬೇಸಿಗೆಯಲ್ಲೂ ಆ ಕಲ್ಲು ತಣ್ಣಗಿರುತ್ತಿತ್ತು. ನಮ್ಮ ನಾಯಿ ಬೆಳ್ಳಿ ಅದರ ಮೇಲೆ ಹೊಟ್ಟೆ ಅಂಟಿಸಿ, ನಾಲ್ಕೂ ಕಾಲು ಚಾಚಿ, ನಾಲಿಗೆ ಹೊರಹಾಕಿ ಮಲಗಿರುತ್ತಿತ್ತು. ಮೈತುಂಬ ಎರಡು ಪದರದ ಬಿಳಿ ಕೂದಲು, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ, ಅದರ ನಡುವೆ ಗುಂಡಿಯಂಥ ಎರಡು ಕಣ್ಣು. ನಾಯಿ ಬಾಲ ಡೊಂಕು ಎಂದು ಊರೆಲ್ಲ ಹಂಗಿಸಿದರೆ, ನಮ್ಮ ಮನೆಯಲ್ಲಿ ಎಷ್ಟು ಡೊಂಕೋ ಅಷ್ಟು ಮರ್ಯಾದೆ. ಮಧ್ಯಾಹ್ನ ಅಮ್ಮ ಗೋಣಿಚೀಲ ನೆನೆಸಿ ಹಾಸಿ, ಟೇಬಲ್ ಫ್ಯಾನನ್ನು ಬೆಳ್ಳಿಯ ಕಡೆಗೆ ತಿರುಗಿಸುತ್ತಿದ್ದಳು. ಅಪ್ಪ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಅದರ ಸೇವೆಯೇ ಒಂದು ಸಂಸಾರ. ಬೆಳಿಗ್ಗೆ ಹತ್ತಿಯನ್ನು ಬಿಸಿನೀರಿನಲ್ಲಿ ಅದ್ದಿ ಕಣ್ಣಿನ ಕೆಳಗೆ ಇಳಿದ ಕಂದು ಗೆರೆ ಒರೆಸುವುದು ಅಕ್ಕನ ಪಾಲು. ಬಿಳಿ ನಾಯಿಗೆ ಕಣ್ಣೀರು ಸುರಿದರೆ ಮುಖವೆಲ್ಲ ಕರೆಯಾಗುತ್ತದೆ. ಸಂಜೆ ಬಾಚುವುದು, ಕಿವಿಯ ಸಂದಿಯ ಉಣ್ಣಿ ಹೆಕ್ಕುವುದು ನನ್ನ ಪಾಲು. ಎಷ್ಟು ಬಾಚಿದರೂ ಕೂದಲು ಸಾರಿನಲ್ಲಿಯೂ ಸಿಗುತ್ತಿತ್ತು. ನೆಂಟರ ತಟ್ಟೆಯಲ್ಲಿ ಸಿಕ್ಕರೆ ಅಮ್ಮ ಅದು ತನ್ನ ನರೆಗೂದಲು ಎನ್ನುತ್ತಿದ್ದಳು, ಆಗ ಅವಳ ತಲೆಯಲ್ಲಿ ಒಂದೂ ನರೆ ಇರಲಿಲ್ಲ. ನಮ್ಮದು ಮೊಟ್ಟೆ ಕೂಡ ಹೊಸಿಲು ದಾಟದ ಮನೆ, ಹಾಗಾಗಿ ಬೆಳ್ಳಿಯದೂ ನಮ್ಮದೇ ಊಟ. ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ, ಮಧ್ಯಾಹ್ನ ಮೊಸರನ್ನ, ಸಂಜೆ ನಮ್ಮ ಮಂಡಕ್ಕಿಯಲ್ಲಿ ಪಾಲು, ಹಬ್ಬಕ್ಕೆ ಹೋಳಿಗೆ. ಈ ಸಣ್ಣ ಬಾಯಿಯಲ್ಲಿ ಹಲ್ಲುಗಳು ಇಕ್ಕಟ್ಟಾಗಿ ಕೂತು ಬೇಗ ಕೆಡುತ್ತವೆ, ಸಿಹಿ ಕೊಡಬಾರದು ಎಂದು ನಮಗೆ ಯಾರು ಹೇಳಬೇಕು? ಪ್ರೀತಿ ಎಂದರೆ ಬೆಲ್ಲ ಎನ್ನುವ ಮನೆ ನಮ್ಮದು.

ಈ ನಾಯಿಗಳ ಮೂಲ ಹರಿಹರ. ಅಲ್ಲಿ ಅಮ್ಮನ ತವರು, ಹೊಳೆಗೆ ಇಳಿಯುವ ದಾರಿಯ ಹಳೆಯ ಮನೆ. ಅಲ್ಲಿನ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿದ್ದ ಉತ್ತರದ ಕಡೆಯ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಬಿಳಿ ಹೆಣ್ಣುಮರಿಯನ್ನು ಅಜ್ಜನ ಕೈಗೆ ಕೊಟ್ಟುಹೋದರಂತೆ. ಹೆಸರು ಪಿಂಕಿ. ಅದೇ ವರ್ಷ ಅಜ್ಜ ತೀರಿಕೊಂಡರು, ಪಿಂಕಿ ಅಜ್ಜಿಯ ಸೆರಗಿಗೆ ಅಂಟಿಕೊಂಡಿತು. ಪಿಂಕಿಯ ಗಂಡುಮರಿ ಜಿಮ್ಮಿ ಹರಿಹರದಲ್ಲೇ ಉಳಿಯಿತು. ಅದರ ತಂಗಿಯನ್ನು ನಮ್ಮ ಗೃಹಪ್ರವೇಶದ ದಿನ ಅಜ್ಜಿ ಅರಿಸಿನ ಕುಂಕುಮ ಹಚ್ಚಿ, ಹಾಲಿನ ಕೊಡದ ಜೊತೆಗೆ ತಂದು ಬಿಟ್ಟಳು. ಆ ತಂಗಿ ಹೆತ್ತದ್ದು ನಮ್ಮ ಬೆಳ್ಳಿಯನ್ನು. ಮರಿಗಳನ್ನು ನಾವು ಎಂದೂ ಮಾರಲಿಲ್ಲ, ಹೆಣ್ಣು ಕೊಟ್ಟಂತೆ ಗೊತ್ತಿದ್ದ ಮನೆಗಳಿಗೆ ಕೊಡುತ್ತಿದ್ದೆವು. ಕೇಳಲು ಬಂದವರನ್ನು ಅಜ್ಜಿ ಒಳಗೆ ಕೂಡಿಸಿ, ಕಾಫಿ ಕೊಟ್ಟು, ಮನೆಯಲ್ಲಿ ಅಂಗಳ ಎಷ್ಟು, ಬೇಸಿಗೆಯಲ್ಲಿ ನೆರಳು ಎಲ್ಲಿ ಎಂದೆಲ್ಲ ವಿಚಾರಿಸುತ್ತಿದ್ದಳು. ಕೆಲವರು ಕಾಫಿ ಕುಡಿದು ಬರಿಗೈಯಲ್ಲಿ ಹೋದದ್ದೂ ಉಂಟು.

ಬಹಳ ಕಾಲದ ಮೇಲೆ ಪುಸ್ತಕಗಳಲ್ಲಿ ಓದಿ ತಿಳಿದೆ, ನಾವು ಜಂಬದಿಂದ ಪಮೇರಿಯನ್ ಎಂದದ್ದು ಪಮೇರಿಯನ್ನೇ ಅಲ್ಲವಂತೆ. ಚಳಿದೇಶದಲ್ಲಿ ಗಾಡಿ ಎಳೆಯುತ್ತಿದ್ದ ದೊಡ್ಡ ನಾಯಿಗಳನ್ನು ತಲೆಮಾರುಗಟ್ಟಲೆ ಸಣ್ಣದು ಮಾಡುತ್ತ, ಕೊನೆಗೆ ರಾಣಿಯರ ಮಡಿಲಿಗೆ ಹೊಂದುವಷ್ಟು ಮಾಡಿದ್ದು ಆ ಜಾತಿ. ಬ್ರಿಟಿಷರ ಜೊತೆ ಇಲ್ಲಿಗೆ ಬಂದು ಇಲ್ಲಿಯ ಬಿಸಿಲಿಗೆ, ಇಲ್ಲಿಯ ಅನ್ನಕ್ಕೆ ಒಗ್ಗಿ, ಸ್ವಲ್ಪ ಎತ್ತರ ಬೆಳೆದು ಬೇರೆಯೇ ಆದದ್ದು ನಮ್ಮದು, ಇಂಡಿಯನ್ ಸ್ಪಿಟ್ಜ್. ಹೊರದೇಶದ ನಾಯಿಗಳನ್ನು ಸುಲಭವಾಗಿ ತರಿಸಲಾಗದ ವರ್ಷಗಳಲ್ಲಿ ಇದ್ದವುಗಳಲ್ಲೇ ಕೊಟ್ಟು ತಂದು ದೇಶದ ಮನೆಮನೆಗೂ ಹಬ್ಬಿದ್ದು. ಈಗ ಅಂಗಡಿಗಳಲ್ಲಿ ಮುಖ ಸುಕ್ಕಾದವು, ಕಣ್ಣು ಕಾಣದಷ್ಟು ಕೂದಲಿನವು ಬಂದು ಇವನ್ನು ಕೇಳುವವರೇ ಕಡಿಮೆ. ನನಗೇನೂ ಬೇಸರವಿಲ್ಲ. ಪರದೇಶದ್ದೆಂದು ಮೆರೆದದ್ದಕ್ಕಿಂತ, ಅದು ನಮ್ಮ ಮೊಸರನ್ನದಲ್ಲೇ ರೂಪುಗೊಂಡ ಜಾತಿ ಎಂದು ತಿಳಿದ ದಿನ ನನ್ನ ಎದೆ ಇನ್ನಷ್ಟು ಉಬ್ಬಿತು.

ಆದರೆ ನಮ್ಮ ಮನೆಯವಕ್ಕೆ ಇನ್ನೊಂದು ಗುರುತಿತ್ತು. ಪಿಂಕಿ, ಜಿಮ್ಮಿ, ಬೆಳ್ಳಿ ಎಲ್ಲವೂ ಓಡುವಾಗ ನಡುವೆ ಹಿಂದಿನ ಒಂದು ಕಾಲನ್ನು ಮೇಲಕ್ಕೆತ್ತಿ, ಮೂರೇ ಕಾಲಿನಲ್ಲಿ ಕುಪ್ಪಳಿಸಿ, ಮತ್ತೆ ಊರಿ ಓಡುತ್ತಿದ್ದವು. ಅಜ್ಜಿ ಅದಕ್ಕೆ ‘ಗೆಜ್ಜೆ ಹೆಜ್ಜೆ’ ಎಂದು ಹೆಸರಿಟ್ಟಿದ್ದಳು. ನೆಂಟರು ಬಂದರೆ ನಾನು ಬಿಸ್ಕತ್ತು ತೋರಿಸಿ ಬೆಳ್ಳಿಯನ್ನು ವರಾಂಡದಿಂದ ಅಡುಗೆಮನೆಗೆ ಓಡಿಸಬೇಕು, ಅವರು ಆ ಕುಣಿತ ನೋಡಿ ಬೆರಗಾಗಬೇಕು. ಊರಿನಲ್ಲಿ ಬೇರೆ ಯಾರ ಮನೆಯ ಬಿಳಿ ನಾಯಿಯನ್ನು ಕಂಡರೂ ನಾವು ಮೊದಲು ನೋಡುತ್ತಿದ್ದುದು ಹಿಂಗಾಲು. ಕುಪ್ಪಳಿಸದಿದ್ದರೆ, ಪಾಪ, ಅದು ನಮ್ಮ ಮನೆತನದ್ದಲ್ಲ.

ಬೆಳ್ಳಿ ಪ್ರಾಯಕ್ಕೆ ಬಂದಾಗ ಗಂಡು ಹುಡುಕುವ ಮಾತು ಎದ್ದಿತು. ಎದುರು ಮನೆಯಲ್ಲೇ ಒಂದು ಚೆಂದದ ಬಿಳಿ ಗಂಡು ಇತ್ತು, ಅವರೂ ಕೇಳಿದರು. ಅಜ್ಜಿ ಹರಿಹರದಿಂದ ಬಂದು ಕೂತು ಬೇಡವೆಂದಳು. ಅದರ ತಾಯಿ ಯಾರು, ತಂದೆ ಯಾರು, ಏನು ವರಸೆ ಎಂದು ತಿಳಿಯದೆ ಹೇಗೆ? ವರಸೆ ಎಂದರೆ ಯಾರು ಯಾರಿಗೆ ಏನಾಗಬೇಕು, ಯಾರನ್ನು ತರಬಹುದು, ಯಾರನ್ನು ತರಬಾರದು ಎನ್ನುವ ಲೆಕ್ಕ. ಅಣ್ಣತಮ್ಮಂದಿರ ಮಕ್ಕಳು ಒಡಹುಟ್ಟಿದವರು, ಅಲ್ಲಿ ಮದುವೆಯ ಮಾತೆತ್ತಿದರೆ ಪಾಪ. ಅಕ್ಕನ ಮಗಳು ಮಾತ್ರ ಸೋದರಮಾವನಿಗೆ ಹಕ್ಕಿನ ಹೆಣ್ಣು. ನಮ್ಮವರಲ್ಲಿ ಎಷ್ಟೋ ಮದುವೆಗಳು ಹೀಗೇ ಆದವು. ಅಜ್ಜಿಯೇ ತನ್ನ ತಾಯಿಯ ತಮ್ಮನನ್ನು ಮದುವೆಯಾದವಳು. ಅದೇ ಲೆಕ್ಕವನ್ನು ಅವಳು ನಾಯಿಗೂ ಹಾಕಿದಳು. ಜಿಮ್ಮಿ ಬೆಳ್ಳಿಯ ತಾಯಿಗೆ ಅಣ್ಣ, ಎಂದಮೇಲೆ ಬೆಳ್ಳಿಗೆ ಸೋದರಮಾವ.

“ನಾಯಿ ಆದ್ರೇನು, ಅದಕ್ಕೂ ತಾಯಿ ಐತೆ, ತವರು ಐತೆ. ವರಸೆ ನೋಡದಂಗೆ ಯಾರಿಗೋ ಕೊಡೋಕಾಗ್ತದೇನು? ಜಿಮ್ಮಿ ಐತಲ್ಲ, ಮನೆ ಹುಡುಗ.”

ಜಾತಕವನ್ನೂ ತರಿಸಿ ನೋಡಿಬಿಡಿ ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳಿದರು. ಯಾರೂ ನಗಲಿಲ್ಲ, ಯಾಕೆಂದರೆ ನಮಗೆಲ್ಲ ಅಜ್ಜಿಯ ಮಾತು ಸರಿಯಾಗಿಯೇ ಕಂಡಿತ್ತು. ಅಮ್ಮನಿಗಿದ್ದ ಒಂದೇ ಒಡಹುಟ್ಟು, ತಮ್ಮ ಚಂದ್ರಮಾವ, ಮುಂದಿನ ಭಾನುವಾರವೇ ಜಿಮ್ಮಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹರಿಹರದಿಂದ ಬಂದರು. ಅಮ್ಮ ಗೇಟಿನಲ್ಲಿ ನಿಂತು, ಬೀಗರು ಬಂದರು ಎಂದು ತಮಾಷೆಗೆ ಆರತಿ ತಟ್ಟೆ ತಂದಳು. ನನ್ನನ್ನು ಪಕ್ಕದ ಮನೆಗೆ ಟಿ.ವಿ. ನೋಡಲು ಅಟ್ಟಿದರು.

ಈ ತಮಾಷೆಯ ಹಿಂದೆ ಇನ್ನೊಂದು ಮಾತಿತ್ತು, ಅದು ತಮಾಷೆಯಾಗಿರಲಿಲ್ಲ. ಸುಜಾತಕ್ಕ ಚಂದ್ರಮಾವನಿಗೆ ಎಂದು ಅವಳ ತೊಟ್ಟಿಲ ದಿನವೇ ಮಾತಾಗಿತ್ತು. ಅವಳ ಬಿ.ಕಾಂ. ಮುಗಿದ ಕೂಡಲೆ ಮದುವೆ. ಚಂದ್ರಮಾವ ಕೆಟ್ಟವರಲ್ಲ, ಊರಲ್ಲಿ ಅಂಥ ಒಳ್ಳೆಯವರು ಸಿಗುವುದು ಕಷ್ಟ. ಅಕ್ಕನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ತೋರಿಸಿದವರು, ಅವಳಿಗೆ ಸೈಕಲ್ ಕಲಿಸಿ, ಬಿದ್ದಾಗ ಮೊಣಕಾಲಿಗೆ ಅರಿಸಿನ ಒತ್ತಿದವರು. ಜಿಮ್ಮಿ ಬಂದ ದಿನ ಅತ್ತಿತ್ತ ಕೂತವರು ಒಂದೇ ಮನೆಯಲ್ಲಿ ಎರಡು ಮದುವೆ ಎಂದು ಅಕ್ಕನನ್ನು ಕೆಣಕಿದರು. ಅಕ್ಕ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ, ಮಾವ ಅಂದರೆ ನನಗೆ ಅಣ್ಣನ ಹಾಗೆಯೇ ಕಣೇ, ಎಂದು ಒಂದೇ ಮಾತು ಹೇಳಿದಳು. ಅದನ್ನು ಯಾರಿಗೆ ಹೇಳಬೇಕು ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೇಳುವ ಪದ್ಧತಿಯೇ ಇಲ್ಲದ ಮನೆಯಲ್ಲಿ ಹೇಳುವುದನ್ನು ಯಾರು ಕಲಿಯುತ್ತಾರೆ?

ಎರಡು ತಿಂಗಳಿಗೆ ಬೆಳ್ಳಿ ಹೆತ್ತಿತು. ಅಜ್ಜಿ ಬಾಣಂತನಕ್ಕೆಂದು ಮೊದಲೇ ಬಂದು, ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಹಳೆಯ ಸೀರೆ ಹಾಸಿ ಕಾದಿದ್ದಳು. ಮೂರು ಮರಿ. ಹತ್ತಿಯ ಉಂಡೆಗಳಂತೆ ಇದ್ದ ಅವುಗಳನ್ನು ನೋಡಿ ಅಜ್ಜಿಯ ಮುಖ ಅರಳಿದ್ದು ಈಗಲೂ ನೆನಪಿದೆ. ಸಂಜೆಯ ಹೊತ್ತಿಗೆ ಎರಡು ಮರಿಗಳು ಮೊಲೆ ಹಿಡಿದು ಬಿಡುವುದು, ಹಿಡಿದು ಬಿಡುವುದು ಮಾಡತೊಡಗಿದವು. ಅಜ್ಜಿ ಹಸುವಿನ ಹಾಲನ್ನು ಬೆಚ್ಚಗೆ ಮಾಡಿ, ಬತ್ತಿಯನ್ನು ಅದ್ದಿ, ಒಂದು ಮರಿಯ ಬಾಯಿಗೆ ಹಿಂಡಿದಳು. ಹಾಲು ಬಾಯೊಳಗೆ ಹೋಗಿ ಮೂಗಿನಿಂದ ಹೊರಬಂತು. ಇನ್ನೊಂದು ಮರಿಗೂ ಹಾಗೆಯೇ. ಅಜ್ಜಿಯ ಕೈ ಅಲ್ಲೇ ನಿಂತಿತು. ಹಾಲಿನ ಬಟ್ಟಲು ನನ್ನ ಕೈಗಿತ್ತು ಹಿತ್ತಲಿಗೆ ಹೋದಳು. ನಾನು ಕಿಟಕಿಯಿಂದ ನೋಡಿದೆ. ತೊಟ್ಟಿಯ ನೀರನ್ನು ಮುಖಕ್ಕೆ ಎರಚಿಕೊಳ್ಳುತ್ತಿದ್ದಳು, ಒರೆಸಿಕೊಳ್ಳುತ್ತಿದ್ದಳು, ಮತ್ತೆ ಎರಚಿಕೊಳ್ಳುತ್ತಿದ್ದಳು. ನಾಯಿಮರಿಗಾಗಿ ಇಷ್ಟೊಂದು ದುಃಖವೇ ಎಂದು ನನಗೆ ಅಚ್ಚರಿಯಾಯಿತು.

ಮರುದಿನ ಬುಟ್ಟಿಯಲ್ಲಿ ತಾಯಿ ಮಕ್ಕಳನ್ನು ಇಟ್ಟುಕೊಂಡು ಆಟೋದಲ್ಲಿ ದನದ ಆಸ್ಪತ್ರೆಗೆ ಹೋದೆವು. ಆಗ ಊರಲ್ಲಿ ನಾಯಿಗೆಂದು ಬೇರೆ ಆಸ್ಪತ್ರೆ ಇರಲಿಲ್ಲ. ಹೊಟ್ಟೆ ಉಬ್ಬರಿಸಿದ ಎಮ್ಮೆ, ಕೊಂಬು ಮುರಿದ ಹೋರಿಗಳ ನಡುವೆ ಅಜ್ಜಿ ರೇಷ್ಮೆ ಅಂಚಿನ ಸೀರೆಯುಟ್ಟು ಬುಟ್ಟಿ ಹಿಡಿದು ನಿಂತಿದ್ದಳು. ಡಾಕ್ಟರು ಸಣ್ಣ ವಯಸ್ಸಿನವರು, ನಿಧಾನದವರು. ಮರಿಯ ಬಾಯಿ ತೆರೆದು, ಅಂಗುಳ ಸೀಳಿದೆ, ಒಳಗೆ ಕೂಡಿಕೊಂಡಿಲ್ಲ, ಉಳಿಯುವುದು ಕಷ್ಟ ಎಂದರು. ಆಮೇಲೆ ಬೆಳ್ಳಿಯನ್ನು ಮೇಜಿನ ಮೇಲೆ ನಿಲ್ಲಿಸಿ ಹಿಂಗಾಲನ್ನು ಒತ್ತಿದರು. ಮೊಣಕಾಲಿನ ಚಿಪ್ಪು ಜಾರಿ ಪಕ್ಕಕ್ಕೆ ಹೋಯಿತು, ಒತ್ತಿದರೆ ಮತ್ತೆ ಜಾಗಕ್ಕೆ ಬಂತು. ಓಡುವಾಗ ಕಾಲೆತ್ತಿ ಕುಪ್ಪಳಿಸುತ್ತದಾ ಎಂದು ಕೇಳಿದರು. ಅದು ನಮ್ಮ ಮನೆತನದ ಗೆಜ್ಜೆ ಹೆಜ್ಜೆ ಎಂದು ನಾನೇ ಮುಂದಾಗಿ ಹೇಳಿದೆ. ಕುಣಿತವಲ್ಲ ಪುಟ್ಟಿ, ಚಿಪ್ಪು ಜಾರಿದಾಗ ಅದಕ್ಕೆ ಕಾಲು ಊರಲಾಗುವುದಿಲ್ಲ ಎಂದರು. ನಾನು ಅಷ್ಟು ದಿನ ಬಿಸ್ಕತ್ತು ಕೊಟ್ಟು ನೆಂಟರಿಗೆ ತೋರಿಸಿದ್ದು ಬೆಳ್ಳಿಯ ಕುಂಟನ್ನು.

ಮರಿಗಳ ತಂದೆ ಯಾವುದು ಎಂದು ಡಾಕ್ಟರು ಕೇಳಿದರು. ಹೊರಗಿನದಲ್ಲ, ಇದರ ಸೋದರಮಾವನೇ, ಎಂದು ಅಜ್ಜಿ ತಲೆಯೆತ್ತಿ ಹೇಳಿದಳು. ಡಾಕ್ಟರು ನಗಲಿಲ್ಲ. ತಾವೂ ಸೋದರತ್ತೆಯ ಮಗಳನ್ನೇ ಮದುವೆಯಾದವರು, ಹಾಗೆ ಮದುವೆಯಾಗಿ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ ಎಂದರು. ಆದರೆ ಮನೆತನದ ರಕ್ತದಲ್ಲಿ ಒಂದು ದೋಷ ಅಡಗಿದ್ದರೆ, ತಲೆಮಾರಿನಿಂದ ತಲೆಮಾರಿಗೆ ಒಳಗೊಳಗೇ ಕೊಟ್ಟು ತಂದರೆ, ಅದು ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಬಂದು ಮರಿಯಲ್ಲಿ ಕೂಡಿಕೊಳ್ಳುವ ಸಂಭವ ಹೆಚ್ಚು ಎಂದು ಬಿಡಿಸಿ ಹೇಳಿದರು. ಅಜ್ಜಿ ಇದನ್ನೆಲ್ಲ ಕೇಳಿದಳೋ ಇಲ್ಲವೋ. ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಬಸುರಿದ್ದಾಗ ತಾಯಿ ಏನಾದ್ರೂ ತಪ್ಪು ಮಾಡಿದ್ರೆ ಹಿಂಗಾಗ್ತೈತೇನ್ರಿ?”

“ಇದರಾಗೆ ತಾಯಿ ತಪ್ಪು ಏನೂ ಇಲ್ಲಮ್ಮ.”

“ಇನ್ನೊಂದ್ಸಲ ಹೇಳ್ರಿ.”

ಅಜ್ಜಿಗೆ ಕಿವಿ ಮಂದ ಎಂದುಕೊಂಡು ಡಾಕ್ಟರು ಗಟ್ಟಿಯಾಗಿ ಮತ್ತೆ ಹೇಳಿದರು. ಅಜ್ಜಿಯ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಎರಡು ಮರಿಗಳೂ ಅದೇ ವಾರ ಹೋದವು. ಮೂರನೆಯದು ಉಳಿಯಿತು, ಬೆಳೆದಂತೆ ಅದೂ ಕುಪ್ಪಳಿಸತೊಡಗಿತು, ಈ ಸಲ ನಾವು ಯಾರನ್ನೂ ಕರೆದು ತೋರಿಸಲಿಲ್ಲ. ಅಜ್ಜಿ ಹರಿಹರಕ್ಕೆ ಹೋಗಿ ಮೊದಲಿನಂತೆಯೇ ಇದ್ದಳು, ಮಾತು ಮಾತ್ರ ಕಡಿಮೆಯಾಗಿತ್ತು ಎಂದು ಚಂದ್ರಮಾವ ಹೇಳುತ್ತಿದ್ದರು. ಬೆಳ್ಳಿ ಮತ್ತೆ ಬೆದೆಗೆ ಬಂದಾಗ ಅಮ್ಮ ರೂಢಿಯಂತೆ ಹೇಳಿಕಳಿಸಿದಳು. ಚಂದ್ರಮಾವ ಸ್ಕೂಟರಿನಲ್ಲಿ ಬಂದರು, ಮುಂದೆ ಜಿಮ್ಮಿ ಇರಲಿಲ್ಲ, ಹಿಂದೆ ಅಜ್ಜಿ ಕೂತಿದ್ದಳು. ಇಳಿದವಳೇ, ಕೊಂಡಜ್ಜಿ ಊರಿನಲ್ಲಿ ಒಂದು ಬಿಳಿ ಗಂಡು ಇದೆಯಂತೆ, ಬೆಳ್ಳಿಯನ್ನು ಕರೆದುಕೊಂಡು ಹೋಗೋಣ ನಡೆಯಿರಿ ಎಂದಳು. ಅದರ ವರಸೆ ಏನು ಎಂದು ಅಮ್ಮ ಕೇಳಿದಳು. ಅದನ್ನು ಆ ನಾಯಿಯನ್ನೇ ಕೇಳೋಣ ಎಂದಳು ಅಜ್ಜಿ.

ಕೊಂಡಜ್ಜಿಯ ಕೆರೆ ಏರಿಯ ಕೆಳಗೆ ಚಂದ್ರಮಾವನ ಗೆಳೆಯರೊಬ್ಬರ ತೋಟದ ಮನೆ. ನಾಯಿ ಬಂತು. ಬಿಳಿ ಎಂದರೆ ಬಿಳಿ, ಆದರೆ ಒಂದು ಕಿವಿ ಕಂದು, ಕಾಲು ಉದ್ದ, ಮೂತಿ ನಮ್ಮವಕ್ಕಿಂತ ಚೂಪು. ಅರ್ಧ ಪಮೇರಿಯನ್, ಅರ್ಧ ಬೀದಿಯ ಕಂತ್ರಿ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಇದು ಯಾರ ಮಗನೋ ನಮಗೂ ತಿಳಿಯದು, ಏರಿಯ ಮೇಲೆ ಸಿಕ್ಕಿತು ಎಂದರು ಮನೆಯವರು. ಅಮ್ಮನ ಮುಖ ಸಣ್ಣದಾಯಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಎತ್ತು ಕೊಳ್ಳುವವರು ನೋಡುವ ಹಾಗೆ ನೋಡತೊಡಗಿದಳು. ತುಟಿ ಮೇಲೆತ್ತಿ ಹಲ್ಲು ನೋಡಿದಳು, ಬೆರಳು ಹಾಕಿ ಅಂಗುಳ ಮುಟ್ಟಿದಳು, ಹಿಂಗಾಲಿನ ಮೊಣಕಾಲು ಒತ್ತಿ ನೋಡಿದಳು. ಕೊನೆಗೆ ನನ್ನ ಕೈಗೆ ರೊಟ್ಟಿ ಕೊಟ್ಟು ಏರಿಯ ಮೇಲೆ ಓಡು ಎಂದಳು. ನಾನು ಓಡಿದೆ, ನಾಯಿ ಹಿಂದೆ ಓಡಿಬಂತು. ಈ ತುದಿಯಿಂದ ಆ ತುದಿಗೆ, ಮತ್ತೆ ಹಿಂದಕ್ಕೆ. ನಾಲ್ಕೂ ಕಾಲು ಊರಿಕೊಂಡೇ ಬಂತು. ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅಜ್ಜಿ ಸಾಕು ಎಂದು ಕೈ ಮಾಡಿದಳು. ಅರವತ್ತು ವರ್ಷ ವರಸೆಯನ್ನೇ ನಂಬಿದ್ದ ಹೆಂಗಸು ತಾನು ಇಡೀ ಊರಿಗೆ ಹೇಳಿದ ಪಾಠವನ್ನು ತಾನೇ ತಿದ್ದಿಕೊಂಡ ಗಳಿಗೆ ಅದು. ದೊಡ್ಡವರು ಹಾಗೆ ಮಾಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾಲ್ಕು ಮರಿಗಳಾದವು. ನಾಲ್ಕೂ ಚೊಕ್ಕ ಹಾಲು ಕುಡಿದವು, ನಾಲ್ಕೂ ನೆಟ್ಟಗೆ ಓಡಿದವು. ಎರಡಕ್ಕೆ ಕೊಂಡಜ್ಜಿಯ ಗಂಡಿನ ಕಂದು ಕಿವಿ. ಎದುರು ಮನೆಯವರು ಬಂದು ನೋಡಿ, ಅಯ್ಯೋ ಜಾತಿ ಕೆಟ್ಟಿತಲ್ಲ ಎಂದು ಲೊಚಗುಟ್ಟಿ ಹೋದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದರೆ ಅನ್ನಲಿ, ನಾವು ಅವನ್ನು ಅಂಗಳದಲ್ಲಿ ಬಿಟ್ಟು ನಡಿಗೆ ನೋಡುತ್ತ ಕೂರುತ್ತಿದ್ದೆವು. ಇವತ್ತಿಗೂ, ಒಂದು ಮರಿಯನ್ನು ಕೊಟ್ಟ ಆವರಗೆರೆಯ ಕಡೆ ಹೋದಾಗ ಕಂದು ಕಿವಿಯ ಬಿಳಿ ನಾಯಿಯೊಂದು ಸ್ಕೂಟರಿನ ಹಿಂದೆ ಓಡಿಬಂದರೆ ನಾನು ಗಾಡಿ ನಿಲ್ಲಿಸುತ್ತೇನೆ. ನಮ್ಮದರ ಸಂತತಿಯೇ ಇರಬೇಕು ಎನ್ನಿಸುತ್ತದೆ.

ಅಕ್ಕನ ಪರೀಕ್ಷೆ ಮುಗಿಯಿತು. ಹರಿಹರದ ಮನೆಯ ನಡುಮನೆಯಲ್ಲಿ ಹಿರಿಯರು ಸೇರಿದರು. ಜಮಖಾನ ಹಾಸಿತ್ತು, ನಡುವೆ ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ. ಅಜ್ಜಿಯ ಅಣ್ಣ ದೊಡ್ಡಜ್ಜ ಗೋಡೆಗೆ ಒರಗಿ ಕೂತಿದ್ದರು, ಮನೆತನದಲ್ಲಿ ಅವರ ಮಾತಿಗೆ ಎದುರಿಲ್ಲ. ಚಂದ್ರಮಾವ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದಳು. ಅಮ್ಮ ಎರಡಕ್ಕೂ ನಡುವಿನ ಹೊಸಿಲ ಮೇಲೆ. ವರಸೆ ಕೂಡಿದೆ, ಹುಡುಗ ಮನೆಯವನು, ಹುಡುಗಿ ಮನೆಯವಳು, ಇನ್ನೇನು ನೋಡುವುದಿದೆ, ದಿನ ಗೊತ್ತು ಮಾಡಿ ಎಂದರು ದೊಡ್ಡಜ್ಜ. ಅಜ್ಜಿ ತಟ್ಟೆಯನ್ನು ಕೈಗೆತ್ತಿಕೊಂಡಳು. ಕೊಡುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಅದನ್ನು ತನ್ನ ಹಿಂದೆ ಇಟ್ಟುಕೊಂಡಳು.

“ಈ ಮದ್ವೆ ಬ್ಯಾಡ. ನಾಯಿಗೆ ಬ್ಯಾಡ ಅಂದಿದ್ದನ್ನ ಮೊಮ್ಮಗಳಿಗೆ ಹೆಂಗೆ ಮಾಡ್ಲಿ?”

ದೊಡ್ಡಜ್ಜ ಮೊದಲು ನಕ್ಕರು, ಆಮೇಲೆ ಅವರ ಮುಖ ಗಂಟಾಯಿತು.

“ನಾಯಿಗೂ ಮನುಷ್ಯರಿಗೂ ಒಂದೇ ಏನು?”

“ವರಸೆ ನೋಡುವಾಗ ಒಂದೇ ಆಗಿತ್ತಲ್ಲಣ್ಣ. ಆಗ ಯಾರೂ ಕೇಳಲಿಲ್ಲ.”

ನಂತರ ಅಜ್ಜಿ ಹೇಳಿದ್ದನ್ನು ನಾನು ಅವಳ ಮಾತಿನಲ್ಲೇ ಇಡುತ್ತೇನೆ. ಅವಳು ದನಿ ಏರಿಸಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ, ನೆಲದ ಜಮಖಾನದ ಅಂಚನ್ನು ಬೆರಳಿನಿಂದ ನೇರ ಮಾಡುತ್ತ ಹೇಳಿದಳು.

“ನನ್ನ ಮೊದಲ ಕೂಸಿಗೆ ಹಾಲು ಕುಡಿಸಿದ್ರೆ ಮೂಗಿನಾಗೆ ಬರ್ತಿತ್ತು. ಒಂಬತ್ತು ದಿನ ಇತ್ತು, ಹೋತು. ನೀನು ಗ್ರಹಣದಾಗೆ ಹೊರಗೆ ಬಂದಿದ್ದಿ, ಅದಕ್ಕೇ ಸೀಳೈತೆ ಅಂದ್ರು. ಅಂದವರು ಬ್ಯಾರೆ ಯಾರೂ ಅಲ್ಲ, ನನ್ನ ಅತ್ತೆ, ನನ್ನ ತಾಯಿಯ ತಾಯಿ. ನಾನು ಹೊರಗೆ ಬಂದಿರಲಿಲ್ಲ. ಆದ್ರೆ ಎಷ್ಟು ಸಲ ಅಂದ್ರು ಅಂದ್ರೆ, ಬಂದಿರಬೌದೇನೋ ಅಂತ ನಂಗೇ ಅನುಮಾನ ಬಂತು. ನನ್ನ ಕೂಸನ್ನ ನಾನೇ ಕೊಂದೆ ಅಂತ ಇಷ್ಟು ವರ್ಷ ತಿಳ್ಕೊಂಡೀನಿ. ಈ ಬೆಳ್ಳಿ ಯಾವ ಗ್ರಹಣ ನೋಡಿತ್ತು?”

ದೊಡ್ಡಜ್ಜ ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನೇ ನಿಲ್ಲಿಸಿದ್ದರು. ಮೊದಲು ಬಾಯಿ ಬಿಟ್ಟವರು ಚಂದ್ರಮಾವ. ಸುಜಾತ ನನ್ನ ಹೆಗಲ ಮೇಲೆ ಬೆಳೆದ ಹುಡುಗಿ, ನನ್ನನ್ನು ಯಾರಾದರೂ ಒಂದು ಮಾತು ಕೇಳಿದ್ದರೆ ನಾನೂ ಬೇಡ ಅಂತಲೇ ಹೇಳುತ್ತಿದ್ದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅಕ್ಕ ನನ್ನ ಕೈ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಬಗ್ಗಿ ನೋಡಿದೆ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ದೊಡ್ಡಜ್ಜ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದರು, ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ಅಜ್ಜಿ ಅದಕ್ಕೂ ಚಿಂತೆ ಮಾಡಲಿಲ್ಲ. ಎದ್ದುನಿಂತು ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಇಂದಿಗೂ ಒಂದು ಗೌರವವಿದೆ, ಅದು ಹುಟ್ಟಿದ್ದು ಆ ನಡುಮನೆಯಲ್ಲಿ. ಅಂಥ ಅಜ್ಜಿಯ ಮೊಮ್ಮಗಳು ನಾನು ಎಂದು ಹೇಳಿಕೊಳ್ಳುವುದಕ್ಕಿಂತ ದೊಡ್ಡ ಜಾತಿ, ದೊಡ್ಡ ಮನೆತನ ನನಗೆ ಬೇರೆ ಬೇಕಾಗಿಲ್ಲ.

ಬಂದವರೆಲ್ಲ ಎದ್ದುಹೋದ ಮೇಲೂ ಅಮ್ಮ ಹೊಸಿಲ ಮೇಲೇ ಕೂತಿದ್ದಳು. ಅವಳು ಹುಟ್ಟಿದಾಗಿನಿಂದ ಆ ಮನೆಯ ಹಿರಿಮಗಳು, ಆ ಹೆಸರಿನಲ್ಲೇ ಎಲ್ಲ ಕೆಲಸವನ್ನೂ ಎಲ್ಲ ಗೌರವವನ್ನೂ ಹೊತ್ತವಳು. ಅಜ್ಜಿಯ ಹತ್ತಿರ ಸರಿದು ಕೂತು ಕೇಳಿದಳು.

“ಗಂಡೇನವ್ವ, ಹೆಣ್ಣೇನು?”

“ಹೆಣ್ಣು. ನಿನಗಿಂತ ಎರಡು ವರ್ಷ ದೊಡ್ಡಾಕಿ.”

ಅಮ್ಮ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಇದ್ದಕ್ಕಿದ್ದಂತೆ ತನ್ನ ಅಕ್ಕನನ್ನು ಕಳೆದುಕೊಂಡವಳ ಹಾಗೆ ಅತ್ತಳು. ಆ ಕೂಸಿಗಾಗಿ ಅಜ್ಜಿಯಲ್ಲದೆ ಇನ್ನೊಬ್ಬರು ಅತ್ತದ್ದು ಅದೇ ಮೊದಲು. ಅಜ್ಜಿ ಈಗಿಲ್ಲ, ಅಮ್ಮನೂ ಇಲ್ಲ. ನಿಮ್ಮ ಅಜ್ಜಿಗೆ ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಅಕ್ಕನೂ ನಾನೂ ಮೂವರು ಎನ್ನುತ್ತೇವೆ.